ಸಂಜೆ ತುಂಬಿ, ಬೆಳಗ್ಗೆ ಖಾಲಿ

ನಮ್ಮ ಮನೆಗೂ ಪಕ್ಕದ ಕೋಳಿ ಅಜ್ಜಿಯ ಮನೆಗೂ ನಡುವೆ ಎದೆಯೆತ್ತರದ ಒಂದು ಕಾಂಪೌಂಡ್ ಗೋಡೆಯಿದೆ. ಕಟ್ಟಿಸಿದ ಪುಣ್ಯಾತ್ಮರು ಇಟ್ಟಿಗೆ ಸಾಲದೆ ಅಷ್ಟಕ್ಕೇ ನಿಲ್ಲಿಸಿದರೋ, ಇಬ್ಬರು ಮೊಣಕೈ ಊರಿ ಮಾತಾಡುವುದಕ್ಕೆ ಇಷ್ಟೆತ್ತರವೇ ಸರಿ ಎಂದು ಲೆಕ್ಕ ಹಾಕಿದರೋ, ಅಂತೂ ನಾನು ರಿಟೈರಾದ ಮೇಲೆ ಆ ಗೋಡೆಯೇ ನನ್ನ ಸ್ಟಾಫ್ ರೂಮು. ಸಂಜೆ ಆರರ ಹೊತ್ತಿಗೆ ನಾನು ಈಚೆ ಬಂದು ನಿಂತರೆ ಅಜ್ಜಿ ಆಚೆ ಗೂಡಿನ ಮುಂದೆ ಕುಕ್ಕರುಗಾಲಲ್ಲಿ ಕೂತಿರುತ್ತಾರೆ. ಆರ್‌ಎಂಸಿ ಯಾರ್ಡಿನ ಹಿಂದಿನ ಗಲ್ಲಿ ನಮ್ಮದು. ಬೋರ್ಡಿನಲ್ಲಿ ಎಪಿಎಂಸಿ ಎಂದಾಗಿ ಎಷ್ಟೋ ಕಾಲವಾಯಿತು, ಯಶವಂತಪುರದ ಬಾಯಲ್ಲಿ ಮಾತ್ರ ಅದು ಈಗಲೂ ಆರ್‌ಎಂಸಿಯೇ. ಲಾರಿ ರಿವರ್ಸ್ ತೆಗೆಯುವ ಪೀಂ ಪೀಂ, ಸ್ಟೇಷನ್ ಕಡೆಯಿಂದ ರೈಲಿನ ಕೂಗು, ಗಾಳಿ ಬೀಸಿದಂತೆ ಒಮ್ಮೆ ಬೆಳ್ಳುಳ್ಳಿ, ಒಮ್ಮೆ ಬೆಲ್ಲ, ಒಮ್ಮೆ ಒಣಮೆಣಸಿನಕಾಯಿ. ಇವೆಲ್ಲದರ ನಡುವೆ ಅಜ್ಜಿಯ ಹದಿಮೂರು ಕೋಳಿ.

ಗೂಡು ಸೇರುವ ಹೊತ್ತಿಗೆ ಅಜ್ಜಿ ಒಂದೊಂದೇ ಕೋಳಿಯನ್ನು ಹಿಡಿದು, ಕುತ್ತಿಗೆಯ ಬುಡದಲ್ಲಿ ಎರಡು ಬೆರಳಿಟ್ಟು ಮೆಲ್ಲಗೆ ಒತ್ತಿ, ಆಮೇಲೆ ಒಳಗೆ ಬಿಡುತ್ತಾರೆ. ಮಕ್ಕಳು ದೂರದಲ್ಲಿದ್ದಾರೆ, ಪಾಪ ಕೋಳಿಯನ್ನೇ ಮುದ್ದು ಮಾಡುತ್ತಾರೆ ಎಂದುಕೊಂಡು ನಾನು ಬಹಳ ದಿನ ಕನಿಕರಪಟ್ಟಿದ್ದೆ. ಒಂದು ದಿನ ಬಾಯಿಬಿಟ್ಟು ಹೇಳಿಯೂ ಹೇಳಿದೆ.

“ಮುದ್ದೂ ಇಲ್ಲ ಗಿದ್ದೂ ಇಲ್ಲ ಮೇಷ್ಟ್ರೇ, ಚೀಲ ನೋಡ್ತಾ ಇವ್ನಿ. ಸಂಜೆ ತುಂಬಿರ್ಬೇಕು, ಬೆಳಗ್ಗೆ ಖಾಲಿ ಇರ್ಬೇಕು. ಕೋಳಿ ಆರೋಗ್ಯ ಅಂದ್ರೆ ಅಷ್ಟೇಯ,” ಎಂದು ಒಂದು ಕೆಂಪು ಹೇಂಟೆಯನ್ನು ಗೋಡೆಯ ಮೇಲಿಂದ ನನ್ನ ಕೈಗೆ ದಾಟಿಸಿದರು. ಒತ್ತಿ ನೋಡಿದೆ. ಗರಿಯ ಕೆಳಗೆ, ಎದೆಯ ಬಲಮಗ್ಗುಲಿಗೆ ಒಂದು ಪುಟ್ಟ ಹಮ್ಮಿಣಿ. ಒಳಗಿನ ರಾಗಿ, ಜೋಳದ ಕಾಳು ಬೆರಳಿಗೆ ಎಣಿಸುವಂತೆ ಸಿಗುತ್ತಿತ್ತು. ಮಲ್ಲೇಶ್ವರದ ಸಂತರ್ಪಣೆಗೆ ಹೋದವರು ಎಲೆಯ ಮೇಲಿನ ಎರಡು ಲಾಡನ್ನು ಜೇಬಿಗಿಳಿಸುವ ಹಾಗೆ, ಸಿಕ್ಕಿದ್ದನ್ನೆಲ್ಲ ಮೊದಲು ಇಲ್ಲಿ ತುರುಕಿಕೊಂಡು, ಮರದ ಮೇಲೆ ಕೂತ ಮೇಲೆ ನಿಧಾನವಾಗಿ ಕೆಳಗಿಳಿಸಿಕೊಳ್ಳುವುದು ಕೋಳಿಯ ಪದ್ಧತಿ. ಬಯಲಲ್ಲಿ ಹದ್ದು, ನರಿ ಕಾಯುತ್ತಿದ್ದ ಕಾಲದ ಅಭ್ಯಾಸ ಅದು. ಬೆಳಗ್ಗೆ ಎದ್ದಾಗಲೂ ಚೀಲ ತುಂಬಿ ಗಟ್ಟಿಯಾಗಿದ್ದರೆ ಉದ್ದದ ಹುಲ್ಲೋ ಪ್ಲಾಸ್ಟಿಕ್ಕೋ ಒಳಗೆ ಸಿಂಬಿ ಸುತ್ತಿಕೊಂಡಿದೆ ಎಂದೇ ಅರ್ಥ.

ಈ ಚೀಲದಿಂದ ಅಜ್ಜಿ ಒಮ್ಮೆ ಮೋಸವನ್ನೂ ಹೋಗಿದ್ದಾರೆ. ಊರ ಕಡೆಯ ಸಂತೆಯಲ್ಲಿ ತಂದ ಹುಂಜವೊಂದನ್ನು ಮನೆಯಲ್ಲಿ ಮುಟ್ಟಿ ನೋಡಿದರೆ ಚೀಲ ಕಲ್ಲಿನಂತೆ ಬಿಗಿದುಕೊಂಡಿತ್ತು. ಮಾರಿದವನು ತಕ್ಕಡಿಗೆ ಹಾಕುವ ಮುಂಚೆ ನೆನೆಸಿದ ಜೋಳವನ್ನು ಗಂಟಲವರೆಗೂ ತಿನ್ನಿಸಿದ್ದ. “ಕೋಳಿ ರೇಟಲ್ಲಿ ಜೋಳ ಕೊಂಡ್ಕೊಂಡು ಬಂದೆ ಕಣಪ್ಪ,” ಎಂದು ಆವತ್ತೆಲ್ಲ ಹಲುಬಿದರು. ದೊಡ್ಡ ಫಾರಂಗಳಲ್ಲಿ ಇದರ ತಿರುಗುಮುರುಗು. ಕೊಯ್ಯುವ ಎಂಟು ಹತ್ತು ಗಂಟೆ ಮುಂಚೆಯೇ ಮೇವು ಎತ್ತಿಬಿಡುತ್ತಾರೆ. ಹೊಟ್ಟೆ, ಕರುಳು ಖಾಲಿಯಿದ್ದರೆ ಮಾಂಸಕ್ಕೆ ಹೊಲಸು ತಗಲುವುದಿಲ್ಲ.

ಇಷ್ಟು ಶಾಸ್ತ್ರ ನನಗೆ ಬಂದದ್ದು ಅಜ್ಜಿಯ ಮೊಮ್ಮಗನಿಂದ. ಹೆಬ್ಬಾಳದ ವೆಟರ್ನರಿ ಕಾಲೇಜಿನಲ್ಲಿ ಓದುತ್ತಾನೆ. 1958ರಲ್ಲಿ ಶುರುವಾದ ಕಾಲೇಜು. ಗಿರಿರಾಜ ತಳಿ ಬೆಳೆಸಿದವರೂ 2005ರಲ್ಲಿ ಸ್ವರ್ಣಧಾರ ಕೊಟ್ಟವರೂ ಅಲ್ಲಿನವರೇ. ಹಿತ್ತಲಲ್ಲಿ ಕೆದರಿಕೊಂಡು, ಸಿಕ್ಕಿದ್ದು ತಿಂದು ಬದುಕಲಿ ಎಂದೇ ಮಾಡಿದ ತಳಿಗಳು. ಅಜ್ಜಿಯ ಗೂಡಲ್ಲಿ ಗಿರಿರಾಜನ ಬಣ್ಣವೂ ಇದೆ, ನಾಟಿಯ ಸಿಟ್ಟೂ ಇದೆ. ಹುಡುಗ ಭಾನುವಾರ ಮನೆಗೆ ಬಂದರೆ ಗೋಡೆಯ ಮೇಲೆ ಮೂರನೆಯ ಮೊಣಕೈ. ನಾನು ಅವನನ್ನು ಈಗಲೇ ಡಾಕ್ಟ್ರೇ ಎನ್ನುತ್ತೇನೆ, ಅವನು ನಾಚಿಕೊಂಡು “ಇನ್ನೂ ಎರಡು ವರ್ಷ ಇದೆ ಸಾರ್” ಎನ್ನುತ್ತಾನೆ. ಅಜ್ಜಿ ಮಾತ್ರ “ಇವನೇನ್ ಡಾಕ್ಟ್ರೋ, ಹಿಕ್ಕೆ ನೋಡಿ ಕಾಯ್ಲೆ ಹೇಳಕ್ ಬರಾಕಿಲ್ಲ” ಎಂದು ಇಳಿಸಿಬಿಡುತ್ತಾರೆ.

ಹಿಕ್ಕೆ ನೋಡುವುದರಲ್ಲಿ ಅಜ್ಜಿ ಕಾಲಜ್ಞಾನಿ. ಬೆಳಗ್ಗೆ ಗೂಡಿನ ಕೆಳಗೆ ಹಾಸಿದ ಪೇಪರನ್ನು ಎಳೆದು, ನಾನು ನನ್ನ ಪೇಪರ್ ಓದುವ ಹೊತ್ತಿಗೆ ಅವರು ತಮ್ಮದನ್ನು ಓದುತ್ತಾರೆ. ಕಂದುಹಸಿರು ಮುದ್ದೆ, ಮೇಲೊಂದು ಬಿಳಿ ಟೋಪಿ ಇದ್ದರೆ ಎಲ್ಲ ಕ್ಷೇಮ. ಆ ಬಿಳಿ ಟೋಪಿಯೇ ಕೋಳಿಯ ಉಚ್ಚೆ ಎಂದು ಮೊಮ್ಮಗ ಹೇಳಿದಾಗ ಅರವತ್ತು ದಾಟಿದ ನನಗೆ ಹೊಸ ವಿಷಯ. ಹಕ್ಕಿಗೆ ಎರಡಕ್ಕೂ ಒಂದೇ ಬಾಗಿಲು, ನೀರು ಉಳಿಸಲು ಉಚ್ಚೆಯನ್ನೂ ಸುಣ್ಣದಂತೆ ಗಟ್ಟಿ ಮಾಡಿಬಿಡುತ್ತದೆ. ದಿನಕ್ಕೆ ಒಂದೆರಡು ಸಲ ಮಾತ್ರ ಬೇರೆ ಥರದ್ದು ಬೀಳುತ್ತದೆ. ಲೇಹ್ಯದ ಹಾಗೆ ಕಡುಕಂದು, ಜಿಗುಟು, ವಾಸನೆಯಂತೂ ಕೇಳಬೇಡಿ. ಅಜ್ಜಿಯ ಸೊಸೆ ಹೊಸದರಲ್ಲಿ ಇದನ್ನು ನೋಡಿ ಭೇದಿ ಎಂದು ಹೆದರಿ ಮಜ್ಜಿಗೆ ಕುಡಿಸಲು ಹೊರಟಿದ್ದಳಂತೆ. ಕರುಳಿನ ಕೊನೆಯಲ್ಲಿ ಎರಡು ಕುರುಡು ಚೀಲಗಳಿವೆ. ಕೋಳಿಗೆ ಅರಗದ ನಾರಿನ ಸಣ್ಣ ಚೂರು, ರಸ ಎಲ್ಲ ಅಲ್ಲಿ ಹೋಗಿ ಕೂರುತ್ತದೆ. ದೋಸೆ ಹಿಟ್ಟು ಹುಳಿ ಬರಿಸುವಂಥ ಜೀವಿಗಳೇ ಅಲ್ಲೂ ಕೂತು ಅದನ್ನು ಹುದುಗಿಸುತ್ತವೆ. ಕೆಲಸ ಮುಗಿದ ಮೇಲೆ ಬಾಣಲೆ ಕವುಚಿದಂತೆ ಒಂದೇ ಸಲ ಹೊರಗೆ. ಅದು ಬಿದ್ದರೆ ಒಳಗಿನ ಕಾರ್ಖಾನೆ ನಡೆಯುತ್ತಿದೆ ಎಂದು ಲೆಕ್ಕ.

ಕೋಳಿಗಳ ಮೇವು ಎಲ್ಲಿಂದ ಅಂದರೆ ಬಹುಪಾಲು ಯಾರ್ಡಿನಿಂದ. ಮೂಟೆ ಇಳಿಸುವಾಗ, ಎತ್ತುವಾಗ ಉದುರಿದ್ದನ್ನು ಗುಡಿಸಿ ಕೇರುವ ಹೆಂಗಸರಿದ್ದಾರೆ. ಅವರಿಗೆ ಅಷ್ಟೋ ಇಷ್ಟೋ ಕೊಟ್ಟು ಅಜ್ಜಿ ಉದುರುಕಾಳು ತರುತ್ತಾರೆ. ಜೋಳ, ರಾಗಿ, ಒಡೆದ ಕಡಲೆ, ಹೆಸರು, ಅದರ ಜೊತೆ ಯಾರ್ಡಿನ ಮಣ್ಣು, ಸಣ್ಣ ಕಲ್ಲು. ತಂದ ಕೂಡಲೇ ಹಾಕುವುದಿಲ್ಲ. ಬೊಗಸೆಯಲ್ಲಿ ಎತ್ತಿ ಮೂಗಿಗೆ ಹಿಡಿಯುತ್ತಾರೆ. ಮುಗ್ಗಲು ವಾಸನೆ ಬಂದರೆ ಇಡೀ ಚೀಲವೇ ತಿಪ್ಪೆಗೆ. “ಕೋಳಿಗೆ ತಾನೇ ಅಜ್ಜಿ, ನಡೆಯುತ್ತೆ ಬಿಡಿ,” ಎಂದು ಒಮ್ಮೆ ನಾನು ಜಿಪುಣತನ ಕಲಿಸಲು ಹೋದೆ. ಮೊಮ್ಮಗ ಅಲ್ಲೇ ನನ್ನ ಬಾಯಿ ಮುಚ್ಚಿಸಿದ. 1960ರಲ್ಲಿ ಇಂಗ್ಲೆಂಡಿನಲ್ಲಿ ಟರ್ಕಿ ಕೋಳಿಗಳು ಇದ್ದಕ್ಕಿದ್ದಂತೆ ಸಾಯತೊಡಗಿದವಂತೆ. ಸತ್ತದ್ದು ಒಂದು ಲಕ್ಷಕ್ಕೂ ಹೆಚ್ಚು. ಯಾವ ರೋಗವೆಂದು ತಿಳಿಯದೆ ‘ಟರ್ಕಿ ಎಕ್ಸ್’ ಎಂದೇ ಹೆಸರಿಟ್ಟರು. ಕೊನೆಗೆ ಸಿಕ್ಕಿಬಿದ್ದದ್ದು ಬ್ರೆಜಿಲ್‌ನಿಂದ ಬಂದ ಕಡಲೆಕಾಯಿ ಹಿಂಡಿಯಲ್ಲಿ ಬೆಳೆದ ಬೂಸ್ಟು. ಆ ಬೂಸ್ಟಿನ ವಿಷಕ್ಕೆ ಅಫ್ಲಾಟಾಕ್ಸಿನ್ ಎಂಬ ಹೆಸರು ಬಂದದ್ದು ಆಮೇಲೆ. ಲಿವರನ್ನೇ ಹಿಡಿಯುತ್ತದೆ. ಇಂಗ್ಲೆಂಡಿನವರಿಗೆ ಲಕ್ಷ ಕೋಳಿ ಸತ್ತ ಮೇಲೆ ತಿಳಿದದ್ದನ್ನು ನಮ್ಮ ಅಜ್ಜಿಯ ಮೂಗು ಬೊಗಸೆಯಲ್ಲೇ ಹಿಡಿಯುತ್ತದೆ ಎಂದು ನಾನು ಹೊಗಳಿದರೆ, ಹುಡುಗ ಒಪ್ಪಲಿಲ್ಲ. ವಾಸನೆ ಬರದಿದ್ದರೂ ವಿಷ ಇರಬಹುದು ಸಾರ್, ಒಣಗಿಸಿ ಇಡೋದೇ ಸರಿಯಾದ ಉಪಾಯ ಎಂದ. ಓದಿದವರಿಗೆ ಹೊಗಳಿಕೆಯೂ ಸರಿಯಾಗಿರಬೇಕು.

ಮೆಣಸಿನಕಾಯಿಯ ಕತೆ ಇನ್ನೂ ಚೆಂದ. ನಮ್ಮನೆಯವಳು ತಾರಸಿಯ ಮೇಲೆ ಬ್ಯಾಡಗಿ ಒಣಗಹಾಕಿದ್ದಳು. ಅಜ್ಜಿಯ ಎರಡು ಹೇಂಟೆ ಹಾರಿ ಬಂದು, ತೊಟ್ಟು ಮುರಿದು, ಬೀಜ ಉದುರಿಸಿ, ಹುರಿಗಡಲೆ ಮುಕ್ಕಿದಂತೆ ಮುಕ್ಕುತ್ತಿದ್ದವು. ಎರಡು ಮಾರು ದೂರದಲ್ಲಿ ನಿಂತ ನನಗೆ ಸೀನಿನ ಮೇಲೆ ಸೀನು, ಅವುಗಳ ಕಣ್ಣಲ್ಲಿ ಒಂದು ಹನಿ ನೀರಿಲ್ಲ. ಖಾರ ನಮ್ಮ ನಾಲಗೆಯ ಯಾವ ಬೀಗಕ್ಕೆ ಕೈ ಹಾಕುತ್ತದೋ ಆ ಬೀಗದ ಆಕಾರವೇ ಹಕ್ಕಿಯಲ್ಲಿ ಬೇರೆಯಂತೆ. ಸಿಹಿಯೂ ಅಷ್ಟೇ, ಕೋಳಿಗೆ ಸಿಹಿ ತಿಳಿಯುವ ಏರ್ಪಾಡೇ ಇಲ್ಲ. ಖಾರವೂ ಇಲ್ಲ, ಸಿಹಿಯೂ ಇಲ್ಲ. ಯುಗಾದಿಯ ದಿನ ಬೇವುಬೆಲ್ಲ ಕೊಟ್ಟರೆ ಕೋಳಿಗೆ ದಕ್ಕುವುದು ಬರೀ ಬೇವು.

ಉಪ್ಪಿನ ವಿಷಯದಲ್ಲಿ ಮಾತ್ರ ತಪ್ಪು ನನ್ನದು. ರಥಸಪ್ತಮಿಯ ಮರುದಿನ ಮಿಕ್ಕಿದ್ದ ಪುಳಿಯೋಗರೆಯನ್ನು ಚೆಲ್ಲಲು ಮನಸ್ಸಾಗದೆ ಗೋಡೆಯಾಚೆ ಸುರಿದೆ. ಕೋಳಿಗಳು ಸಂತೋಷವಾಗಿ ತಿಂದವು. ಮಧ್ಯಾಹ್ನದಿಂದ ನೀರಿನ ಬೋಗುಣಿ ಬಿಟ್ಟು ಕದಲಲಿಲ್ಲ. ಸಂಜೆಗೆ ಗೂಡಿನ ಪೇಪರೆಲ್ಲ ತೊಪ್ಪೆ. ಫಾರಂ ಮೇವಿನಲ್ಲಿ ನೂರು ಕೆಜಿಗೆ ಅರ್ಧ ಕೆಜಿ ಉಪ್ಪೂ ಇರುವುದಿಲ್ಲವಂತೆ. ನಮ್ಮನೆಯ ಪುಳಿಯೋಗರೆಯ ಲೆಕ್ಕ ಹೇಳಿದರೆ ಮನೆಯ ಮರ್ಯಾದೆ ಹೋಗುತ್ತದೆ.

ಬುದ್ಧಿ ಬಂತೇ ಅಂದರೆ ಇಲ್ಲ. ನನ್ನ ರಕ್ತಪರೀಕ್ಷೆಯ ಕಾಗದ ನೋಡಿದ ಡಾಕ್ಟರು ದಿನಾ ಬೆಳಗ್ಗೆ ಓಟ್ಸ್ ತಿನ್ನಿ ಎಂದಿದ್ದರು. ಅದರಲ್ಲಿರುವ ಒಂದು ನಾರು ನೀರಿಗೆ ಬಿದ್ದರೆ ಲೋಳೆಯಾಗುತ್ತದೆ, ಆ ಲೋಳೆ ಕರುಳಲ್ಲಿ ಪಿತ್ತರಸವನ್ನು ಹಿಡಿದು ಹೊರಗೆ ಸಾಗಿಸುತ್ತದೆ, ಹಾಗಾಗಿ ಕೊಲೆಸ್ಟರಾಲ್ ಇಳಿಯುತ್ತದೆ. ತತ್ವವೇನೋ ಸರಿ, ಬೆಳಗಾಗೆದ್ದು ಗೋಡೆಗೆ ಪೋಸ್ಟರ್ ಅಂಟಿಸುವ ಮೈದಾ ಸರಿಯಂಥದ್ದನ್ನು ತಿನ್ನುವುದು ಯಾರಿಗೆ ಬೇಕು? ಒಂದು ತಿಂಗಳು ತಿಂದು, ಮಿಕ್ಕ ಡಬ್ಬವನ್ನು ಅಜ್ಜಿಯ ಹೊಸ ಮರಿಗಳಿಗೆ ಧಾರೆಯೆರೆದೆ. ನಾಲ್ಕೇ ದಿನ, ಮರಿಗಳ ಬುಡವೆಲ್ಲ ಅಂಟಂಟು. ಅಜ್ಜಿ ಬೆಚ್ಚಗಿನ ನೀರಲ್ಲಿ ಹಳೇ ಪಂಚೆಯ ತುಂಡು ಅದ್ದಿ ಒಂದೊಂದೇ ಮರಿಯ ಹಿಂಭಾಗ ಒರೆಸುತ್ತ, ನನ್ನ ಕಡೆ ನೋಡದೆ, “ಓದಿದೋರು ಕೊಟ್ಟಿದ್ದು ಅಂತ ಹಾಕ್ದೆ” ಎಂದರು. ಬೈದಿದ್ದರೆ ಮೇಲಿತ್ತು.

ಭಾನುವಾರ ಮೊಮ್ಮಗ ಬಂದು ಬಿಡಿಸಿ ಹೇಳಿದ. ನನ್ನ ಹೊಟ್ಟೆಗೆ ಯಾವ ಲೋಳೆ ಔಷಧವೋ, ಮರಿಯ ಹೊಟ್ಟೆಗೆ ಅದೇ ಲೋಳೆ ತೊಡಕು. ಪಚನದ ರಸ ಅದರೊಳಗೆ ಇಳಿಯುವುದಿಲ್ಲ, ಕರಗಿದ ಸತ್ವ ಅದರಿಂದ ಬಿಡಿಸಿಕೊಂಡು ಕರುಳಿನ ಗೋಡೆ ಮುಟ್ಟುವುದಿಲ್ಲ, ಕೊನೆಗೆ ಎಲ್ಲ ಅಂಟಾಗಿ ಹೊರಬೀಳುತ್ತದೆ. ಬಾರ್ಲಿಯದೂ ಇದೇ ಕತೆ, ಗೋಧಿಯದು ಸ್ವಲ್ಪ ಕಡಿಮೆ. ಯುರೋಪಿನಲ್ಲಿ ಗೋಧಿ, ಬಾರ್ಲಿಯನ್ನೇ ಕೋಳಿಗೆ ಹಾಕುವವರು ಆ ನಾರನ್ನು ಕತ್ತರಿಸುವ ಕಿಣ್ವವನ್ನು ಮೇವಿಗೇ ಬೆರೆಸುತ್ತಾರೆ. ಬೆಳೆದ ಕೋಳಿ ಹೇಗೋ ತಡೆದುಕೊಳ್ಳುತ್ತದೆ, ಮರಿಗೆ ಆಗುವುದಿಲ್ಲ. ದಾವಣಗೆರೆ, ಹಾವೇರಿ ಕಡೆಯಿಂದ ಬರುವ ನಮ್ಮ ಮುಸುಕಿನ ಜೋಳದಲ್ಲಿ ಈ ಉಪದ್ರವ ಕಡಿಮೆ. ಅದಕ್ಕೇ ನಮ್ಮ ಫಾರಂ ಮೇವಿನಲ್ಲಿ ಅರ್ಧಕ್ಕೂ ಮಿಕ್ಕಿ ಜೋಳವೇ ಇರುತ್ತದೆ.

ನನಗೂ ಒಂದು ಪಾಠ ಮಾಡುವ ಸರದಿ ಬರಬೇಕಲ್ಲ, ಅಕ್ಕಿಯ ವಿಷಯದಲ್ಲಿ ಬಂತು. ಅಜ್ಜಿ ಕೋಳಿಗೆ ಬರೀ ಅನ್ನ ಹಾಕುವುದಿಲ್ಲ, ತೌಡು ಕಲಸಿಯೇ ಹಾಕುತ್ತಾರೆ. ಯಾಕೆ ಎಂದರೆ “ನಮ್ಮವ್ವ ಹಂಗೇ ಹಾಕೋಳು.” ನಾನು ಗಂಟಲು ಸರಿಮಾಡಿಕೊಂಡು ಐಕ್‌ಮನ್ ಕತೆ ತೆಗೆದೆ. 1890ರ ಆಸುಪಾಸು, ಈಗಿನ ಜಕಾರ್ತ ಆಗ ಬಟೇವಿಯ. ಅಲ್ಲಿ ಬೆರಿಬೆರಿ ರೋಗದ ಹಿಂದೆ ಬಿದ್ದಿದ್ದ ಈ ಡಚ್ ಡಾಕ್ಟರ ಪ್ರಯೋಗದ ಕೋಳಿಗಳು ಒಮ್ಮೆ ಕಾಲಿನ ಬಲ ಕಳೆದುಕೊಂಡು ತೂರಾಡತೊಡಗಿದವು. ಕೆಲವು ತಿಂಗಳಲ್ಲಿ ತಾವಾಗಿಯೇ ಎದ್ದು ಓಡಾಡಿದವು. ವಿಚಾರಿಸಿದರೆ, ಕಾಯಿಲೆಯ ದಿನಗಳಲ್ಲಿ ಅವಕ್ಕೆ ಮಿಲಿಟರಿ ಆಸ್ಪತ್ರೆಯ ಅಡುಗೆಮನೆಯಲ್ಲಿ ಮಿಕ್ಕ ಪಾಲಿಶ್ ಅಕ್ಕಿಯ ಅನ್ನ ಹಾಕುತ್ತಿದ್ದರು. ಹೊಸದಾಗಿ ಬಂದ ಅಡುಗೆಯವನು ಮಿಲಿಟರಿ ಅನ್ನವನ್ನು ಸಿವಿಲಿಯನ್ ಕೋಳಿಗೆ ಕೊಡಲಾಗದು ಎಂದು ನಿಲ್ಲಿಸಿಬಿಟ್ಟ. ತೌಡು ಹೋಗದ ಅಗ್ಗದ ಅಕ್ಕಿ ಬಂತು, ಕೋಳಿಗಳು ಬದುಕಿಕೊಂಡವು. ಬಿ1 ಜೀವಸತ್ವದ ದಾರಿ ತೆರೆದದ್ದು ಅಲ್ಲಿಂದ. 1929ರಲ್ಲಿ ಐಕ್‌ಮನ್‌ಗೆ ನೊಬೆಲ್ ಬಂತು.

ಅಜ್ಜಿ ಎಲ್ಲವನ್ನೂ ಕೇಳಿ, ಎಲೆಅಡಿಕೆ ಒಂದು ಕಡೆ ಒತ್ತಿಕೊಂಡು, “ಆ ಅಡುಗೆಯವ್ನಿಗೆ ಏನ್ ಕೊಟ್ರು?” ಎಂದರು. ನನ್ನ ಮೂವತ್ನಾಲ್ಕು ವರ್ಷದ ಸರ್ವೀಸಿನಲ್ಲಿ ಒಂದು ಮಗುವೂ ಇಂಥ ಪ್ರಶ್ನೆ ಕೇಳಿರಲಿಲ್ಲ.

ಈ ಎಲ್ಲ ಪಾಠಗಳಿಗೆ ಪ್ರಾಕ್ಟಿಕಲ್ಸ್ ನಡೆದದ್ದು ಹೊಸತೊಡಕಿನ ದಿನ. ಯುಗಾದಿಯ ಒಬ್ಬಟ್ಟು ಇಳಿಯುವ ಮುಂಚೆಯೇ ಮರುದಿನ ಬೆಳಗ್ಗೆ ನಮ್ಮ ಗಲ್ಲಿಯಲ್ಲಿ ಮಸಾಲೆಯ ಘಮ. ಕೋಳಿ ಕೇಳಿ ಮಸಾಲೆ ಅರೆಯುವುದುಂಟೇ? ನಾನು ಮೊಟ್ಟೆಯವರೆಗೆ ಬಂದು ನಿಂತವನು, ಅಲ್ಲಿಂದ ಮುಂದಕ್ಕೆ ಹೋಗಿಲ್ಲ, ನೋಡುವುದಕ್ಕೆ ಮಡಿಯಿಲ್ಲ. ಅಜ್ಜಿ ಮನೆಯ ಹುಂಜವೊಂದನ್ನು ಕುಯ್ಯಿಸಿದ್ದರು. ಮನೆ ತುಂಬ ನೆಂಟರು, ಸಾಲದೆಂದು ಮೊಮ್ಮಗ ಅಂಗಡಿಯಿಂದ ಒಂದು ಬ್ರಾಯ್ಲರ್ ತಂದಿದ್ದ. ಅವನು ಒಂದು ತಟ್ಟೆಯಲ್ಲಿ ಎರಡು ಕಲ್ಲುಹೊಟ್ಟೆ ಇಟ್ಟುಕೊಂಡು ಬಂದು ಗೋಡೆಯ ಮೇಲಿಟ್ಟ. ಅಂಗಡಿಯವರು ಗಿಜರ್ಡ್ ಎನ್ನುತ್ತಾರಲ್ಲ, ಅದೇ.

ಎರಡೂ ಕೋಳಿಯದೇ ಎಂದರೆ ನಂಬುವುದು ಕಷ್ಟ. ಬ್ರಾಯ್ಲರಿನದು ಮೆತ್ತಗೆ, ಹಳೆಯ ಚಿಲ್ಲರೆ ಪರ್ಸಿನ ಹಾಗೆ. ಹುಂಜದ್ದು ಕಡುಗೆಂಪು, ಬೆರಳಿಂದ ಒತ್ತಿದರೆ ಕುಸ್ತಿಪಟುವಿನ ತೋಳು. ಹುಡುಗ ಚಾಕುವಿನಲ್ಲಿ ಸೀಳಿ, ಒಳಗಿನ ಹಳದಿ ಚರ್ಮವನ್ನು ಉಗುರಲ್ಲಿ ಎಬ್ಬಿಸಿ ಚರ್ರನೆ ಎಳೆದ. ಒರಟು ಕಾಗದದಂಥ ಪದರ, ಒರಳಿನ ಒಳಮೈಯಂತೆ ಗೀರುಗೀರು. ಒಳಗೆ ರಾಗಿಯ ಹೊಟ್ಟು, ಒಡೆದ ಜೋಳ, ಯಾರ್ಡಿನ ಹದಿನೈದಿಪ್ಪತ್ತು ಕಲ್ಲು. ಹಲ್ಲಿಲ್ಲದ ಪ್ರಾಣಿಯ ಹಲ್ಲು ಇರುವುದು ಇಲ್ಲೇ. ಇದರ ಮೇಲಿನ ಸಣ್ಣ ಹೊಟ್ಟೆಯಲ್ಲಿ ಆಮ್ಲ ಸುರಿಯುತ್ತದೆ, ಇದು ನಿಮಿಷಕ್ಕೆ ಎರಡು ಮೂರು ಸಲ ಹಿಂಡಿ ಅರೆಯುತ್ತದೆ, ಸಾಲದೆಂದರೆ ಮೇಲಕ್ಕೇ ವಾಪಸು ಕಳಿಸಿ ಇನ್ನೊಮ್ಮೆ ಆಮ್ಲ ಹಚ್ಚಿಸಿಕೊಂಡು ಅರೆಯುತ್ತದೆ. ನಮ್ಮ ಅಜ್ಜಿಯರು ಚಟ್ನಿಗೆ ನೀರು ಚಿಮುಕಿಸಿ ಚಿಮುಕಿಸಿ ರುಬ್ಬುತ್ತಿದ್ದ ಹಾಗೆ.

“ಬ್ರಾಯ್ಲರಿಂದು ಯಾಕೆ ಹಿಂಗೆ? ಜಾತಿನೇ ಹಂಗಾ?” ಎಂದೆ.

“ಜಾತಿ ಸ್ವಲ್ಪ, ವಯಸ್ಸು ಸ್ವಲ್ಪ, ಊಟ ಜಾಸ್ತಿ ಸಾರ್. ಅದಕ್ಕೆ ಎಲ್ಲಾ ಪುಡಿ ಮಾಡಿ, ಉಂಡೆ ಕಟ್ಟಿ ಕೊಟ್ಟಿರ್ತಾರೆ. ಬಿದ್ದಿದ್ದು ಹಂಗೇ ಜಾರ್ಕೊಂಡು ಹೋಗುತ್ತೆ, ಇದಕ್ಕೆ ಕೆಲಸವೇ ಇಲ್ಲ. ಅದೇ ಕೋಳಿಗೆ ಇಡೀ ಕಾಳು, ಒರಟು ಜೋಳ, ಸ್ವಲ್ಪ ಹೊಟ್ಟು ಕೊಟ್ನೋಡಿ, ಕೆಲವೇ ವಾರದಲ್ಲಿ ಇದೂ ದಪ್ಪ ಆಗುತ್ತೆ. ಆಮ್ಲದಲ್ಲಿ ಜಾಸ್ತಿ ಹೊತ್ತು ನಿಲ್ಲೋದ್ರಿಂದ ಕೆಟ್ಟ ಕ್ರಿಮಿಗಳೂ ಅಲ್ಲೇ ಸಾಯ್ತವೆ. ಹೊರದೇಶದಲ್ಲಿ ಇಡೀ ಗೋಧಿ ಬೆರೆಸಿ ಹಾಕೋರಿದಾರೆ,” ಎಂದ.

ಅಷ್ಟರಲ್ಲಿ ಅಜ್ಜಿ ತಟ್ಟೆಯ ಕಲ್ಲುಗಳನ್ನು ಬೆರಳಲ್ಲಿ ಸರಿಸುತ್ತಿದ್ದವರು ಒಂದನ್ನು ಎತ್ತಿ ಸೆರಗಿಗೆ ಒರೆಸಿ ಬೆಳಕಿಗೆ ಹಿಡಿದರು. ಹಸಿರು ಗಾಜು. “ಅಯ್ಯೋ, ನಮ್ಮ ಹುಡುಗಿ ಬಳೆ! ಗೌರಿ ಹಬ್ಬದಲ್ಲಿ ಒಡ್ಕೊಂಡಿದ್ದಳಲ್ಲ.” ನನ್ನ ಅಂಗೈಗೆ ಹಾಕಿದರು. ಒಡೆದ ಬಳೆಯ ಚೂರು ಎಂದರೆ ಕೈ ಕೊಯ್ಯಬೇಕು, ಇದು ಹುಣಸೆಬೀಜದ ಹಾಗೆ ನುಣ್ಣಗಿತ್ತು. ಹೆಬ್ಬೆರಳಲ್ಲಿ ಎಷ್ಟು ಉಜ್ಜಿದರೂ ಒಂದು ಮೊನೆ ಸಿಗಲಿಲ್ಲ. ಗೌರಿಯಿಂದ ಯುಗಾದಿಯವರೆಗೆ ಏಳು ತಿಂಗಳು ಆ ಹೊಟ್ಟೆ ಅದನ್ನು ಅರೆದಿತ್ತು, ಅದರಿಂದ ರಾಗಿಯನ್ನೂ ಅರೆದಿತ್ತು, ತನಗೆ ಒಂದು ಗೀರೂ ಆಗಿರಲಿಲ್ಲ. ಇಟಲಿಯಲ್ಲಿ ಸ್ಪಲಾನ್ಜಾನಿ ಎಂಬ ಪಾದ್ರಿ ಟರ್ಕಿ ಕೋಳಿಗಳಿಗೆ ಗಾಜಿನ ಚೂರು, ಸೂಜಿ ಚುಚ್ಚಿದ ಸೀಸದ ಗುಂಡು ನುಂಗಿಸಿ ನೋಡಿದ್ದನಂತೆ. ಸೂಜಿಗಳೇ ಮುರಿದವು, ಹೊಟ್ಟೆಗೆ ಏನೂ ಆಗಲಿಲ್ಲವೆಂದು 1780ರಲ್ಲಿ ಬರೆದಿಟ್ಟಿದ್ದಾನೆ. ಹುಡುಗ ಇದನ್ನು ಹೇಳುತ್ತಿದ್ದಾಗ ನನ್ನ ಗಮನ ಅರ್ಧ ಕೇಳುತ್ತಿತ್ತು, ಅರ್ಧ ನನ್ನ ಹೊಟ್ಟೆಯ ಕಡೆಗಿತ್ತು.

ಯಾಕೆಂದರೆ ಆ ತಟ್ಟೆಯಲ್ಲಿ ಮೆತ್ತಗೆ ಬಿದ್ದಿದ್ದ ಪರ್ಸು ನನಗೆ ತೀರ ಪರಿಚಿತವಾಗಿ ಕಂಡಿತು. ಎರಡು ದವಡೆಹಲ್ಲು ಕಿತ್ತಿಸಿದ ಮೇಲೆ ನಮ್ಮನೆಯಲ್ಲಿ ಎಲ್ಲವೂ ಮಿಕ್ಸಿ. ಪಲ್ಯ ಹೋಗಿ ಸೂಪಾಗಿದೆ, ರೊಟ್ಟಿ ಹೋಗಿ ಬ್ರೆಡ್ಡಾಗಿದೆ, ಹಣ್ಣು ಹೋಗಿ ಜ್ಯೂಸಾಗಿದೆ. ಬೆಳಗಿನ ಪಾಡು ಮಾತ್ರ ಹೇಳಿಕೊಳ್ಳುವಂಥದ್ದಲ್ಲ. ಆವತ್ತು ಗೋಡೆಯ ಧೈರ್ಯದ ಮೇಲೆ ಹೇಳಿಕೊಂಡೆ.

“ಮುದ್ದೆ ಉಣ್ಣಿ ಮೇಷ್ಟ್ರೇ,” ಎಂದರು ಅಜ್ಜಿ.

“ಹಲ್ಲಿಲ್ಲವಲ್ಲ ಅಜ್ಜಿ.”

“ಮುದ್ದೆಗೆ ಹಲ್ಲು ಯಾಕೆ? ಅಗಿಯೋರ್ ಯಾರು ಅದನ್ನ? ಕೋಳಿನೂ ನುಂಗ್ತದೆ, ನಾವೂ ನುಂಗ್ತೀವಿ. ಜೊತೆಗೆ ಸೊಪ್ಪು ಬಸ್ದು ಹಾಕ್ಕೊಳಿ. ರುಬ್ಬಬ್ಯಾಡಿ, ಹಂಗೇ.”

ರಾತ್ರಿ ನಮ್ಮನೆಯವಳು ಮಿಕ್ಸಿಯ ಜಾರು ತೊಳೆದು ಕವುಚಿಟ್ಟು ಮುದ್ದೆ ಕಟ್ಟಿದಳು. ದಂಟಿನ ಸೊಪ್ಪಿನ ಬಸ್ಸಾರು. ಬಹಳ ದಿನದ ಮೇಲೆ ನುಂಗಿದ್ದು, ಗಂಟಲಲ್ಲಿ ಇಳಿಯುವುದು ತಿಳಿಯುತ್ತಿತ್ತು. ಒಂದು ದಿನಕ್ಕೆ ಏನಾಗುತ್ತದೆ, ಏನೂ ಆಗಲಿಲ್ಲ. ಒಂದು ವಾರ ಬಿಡದೆ ಉಂಡೆ.

ಎಂಟನೆಯ ಬೆಳಗ್ಗೆ ಜಗಲಿಯ ಮೇಲೆ ಪೇಪರ್ ಬಿಡಿಸಿಕೊಂಡು ಕೂತಿದ್ದೆ. ಅಜ್ಜಿ ತಮ್ಮ ಪೇಪರ್ ಓದಿ ಮುಗಿಸಿ, ಗೋಡೆಯ ಮೇಲಿಂದ ಮುಖ ಎತ್ತಿ, ಇಡೀ ಗಲ್ಲಿಗೆ ಕೇಳುವಂತೆ ಕೂಗಿದರು.

“ಏನ್ ಮೇಷ್ಟ್ರೇ, ಖಾಲೀನಾ?”

ಹಾಲು ಹಾಕುವ ಹುಡುಗ ಸೈಕಲ್ ನಿಲ್ಲಿಸಿ ತಿರುಗಿ ನೋಡಿದ. ನಾನು ಪೇಪರನ್ನು ಮುಖದ ಮಟ್ಟಕ್ಕೆ ಏರಿಸಿ, ಅದರ ಹಿಂದಿನಿಂದಲೇ ಹೂಂ ಅಂದೆ.